ಖಾಲಿ ಬಾಯಿ

ಅಮೋಸೋಕ್‌ನಲ್ಲಿ ನಮ್ಮದು ಮೂರನೇ ಅಂಗಡಿ,
ಇಗರ್ಜಿಯ ಕಡೆಯಿಂದ ಎಣಿಸಿದರೆ.
ಅಜ್ಜ ಕಡಿವಾಣ ಮಾಡಿದ, ಅಪ್ಪ ಮಾಡಿದ,
ನಾನು, ಕ್ರಿಸಾಂತೋ, ನಲವತ್ತೊಂಬತ್ತು ವರ್ಷದಿಂದ.
ಕಪ್ಪು ಉಕ್ಕಿನಲ್ಲಿ ಗೀರು ತೋಡಿ
ಬೆಳ್ಳಿಯ ಎಳೆ ಕೂರಿಸಿ ಬಡಿದರೆ
ಬಳ್ಳಿ ಹಬ್ಬುತ್ತದೆ, ಹಕ್ಕಿ ಕೂರುತ್ತದೆ.
ಅದೆಲ್ಲ ಕೆನ್ನೆಯ ಹೊರಗೆ, ನೋಡುವವರಿಗೆ.
ಬಾಯೊಳಗೆ ಹೋಗುವ ತುಂಡಿಗೆ ಬೆಳ್ಳಿಯಿಲ್ಲ.
ಅದು ಸಿಹಿ ಕಬ್ಬಿಣ; ತುಕ್ಕು ಹಿಡಿಯಲೆಂದೇ ಬಿಡುತ್ತೇವೆ,
ಕುದುರೆಗೆ ಜೊಲ್ಲು ಬರುತ್ತದೆ.
ಜೊಲ್ಲು ಬಂದರೆ ಖುಷಿ ಅಂತ ಅಜ್ಜ ಹೇಳಿದ್ದ.
ನಾನು ಕುದುರೆಯನ್ನು ಕೇಳಿರಲಿಲ್ಲ.

ಮಗಳು ಒತಿಲಿಯಾ ಒಂದು ಹೆಣ್ಣುಕುದುರೆ ತಂದಳು,
ಬೂದಿಬಣ್ಣದ್ದು, ಹೆಸರೂ ಬೂದಿಯೇ, ಸೆನೀಸಾ.
ಮಾಂಸಕ್ಕೆ ಹೊರಟಿದ್ದ ಲಾರಿಯಿಂದ ಇಳಿಸಿಕೊಂಡದ್ದು;
ಹಗ್ಗ ತೋರಿಸಿದರೆ ಸಾಕು, ತಲೆ ಮುಗಿಲಿಗೆ.
'ಕೈ ಕೊಡು' ಅಂದಳು. ನನ್ನ ಬೆರಳು ಹಿಡಿದು
ತುಟಿಯ ಅಂಚಿನಿಂದ ಒಳಗೆ ತಳ್ಳಿದಳು,
ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವೆ
ಹಲ್ಲೇ ಹುಟ್ಟದ ಆ ಓಣಿಗೆ.
ದೇವರು ಕಬ್ಬಿಣಕ್ಕೆಂದೇ ಬಿಟ್ಟ ಜಾಗ:
ಇದೂ ಅಜ್ಜನ ಮಾತು.
ಅಲ್ಲಿ ವಸಡು ಗೋಣಿಚೀಲದ ಹೊಲಿಗೆಯ ಹಾಗೆ ಗಂಟುಗಂಟು.
ನಾಲಿಗೆಯ ಬದಿಗೆ ಒಂದು ಕಚ್ಚು,
ನನ್ನ ಹೆಬ್ಬೆರಳು ಸರಿಯಾಗಿ ಕೂರುವಷ್ಟು.

ಜೊತೆಗೆ ಬಂದ ಚೀಲದಲ್ಲಿ ಕುದುರೆಯ ಹಳೆಯ ಸಾಮಾನು.
ಕಡಿವಾಣ ತಿರುಗಿಸಿ ನೋಡಿದೆ.
ಎರಡು ಎಲೆ, ಒಂದು ತೊಟ್ಟು: ನಮ್ಮ ಮನೆಯ ಮುದ್ರೆ.
ಎಡಗಡೆಯ ಎಲೆ ಸ್ವಲ್ಪ ಸೊಟ್ಟ.
ಅಪ್ಪ ಸತ್ತ ವರ್ಷ ನನ್ನ ಕೈಲಿ ಉಳಿ ಜಾರುತ್ತಿತ್ತು.

ಮಗಳು ಏನೂ ಅನ್ನಲಿಲ್ಲ.
ಅಂದಿದ್ದರೆ ಜಗಳವಾಡಬಹುದಿತ್ತು.

ಆ ರಾತ್ರಿ ಅಂಗಡಿಯ ಕದ ಹಾಕಿ
ಹೊಸದೊಂದನ್ನು ನಾನೇ ಕಚ್ಚಿದೆ.
ಕೆಳಗೆ ನನಗೂ ಹಲ್ಲಿಲ್ಲ, ಚೆನ್ನಾಗಿ ಕೂತಿತು.
ತಣ್ಣಗೆ. ಚಿಲ್ಲರೆ ಕಾಸಿನ ರುಚಿ.
ವಾರು ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಎಳೆದೆ,
ಯಾವ ಸವಾರನೂ ಅಷ್ಟು ಮೆಲ್ಲಗೆ ಎಳೆದಿರಲಾರ.
ಕಣ್ಣಲ್ಲಿ ನೀರು.
ಕಡಿಯಲಿಕ್ಕೆಂದು ಕೊಟ್ಟದ್ದು, ಅದೇ ಕಡಿಯಿತು.
ಜೊಲ್ಲು ಬಂತು, ಅಜ್ಜ.

ಒತಿಲಿಯಾ ಹಸಿತೊಗಲು ಹೆಣೆದಳು:
ಮೂಗಿನ ಮೇಲೊಂದು ಉಂಗುರ, ಗದ್ದದಡಿ ಒಂದು ಗಂಟು,
ಜೂಲಿನ ಕೂದಲು ಹೊಸೆದ ಹಗ್ಗ.
'ಗಟ್ಟಿ ಮೂಳೆಯ ಮೇಲೇ ಕೂರಬೇಕು,
ಕೆಳಗಿಳಿದರೆ ಉಸಿರು ಕಟ್ಟುತ್ತದೆ.
ಕೈ ಒರಟಾದರೆ ಇದೂ ಅದೇ, ಅಪ್ಪಾ.'

ಮೊದಲ ವಾರ ನಗೆಪಾಟಲು.
ಬಾಯಿ ಖಾಲಿ, ದಾರಿಯುದ್ದಕ್ಕೂ ಮೇಯ್ದಳು ಸೆನೀಸಾ:
ಬ್ರಿಹಿದಾ ಅಜ್ಜಿಯ ಕುದುರೆಮೆಂತ್ಯದ ಅರ್ಧ ಮಡಿ,
ಬೇಲಿಗೆ ಒಣಹಾಕಿದ ಒಂದು ಟವೆಲು.
ನಿಲ್ಲು ಅಂದರೆ ತನಗೆ ತೋಚಿದಾಗ ನಿಂತಳು.
ಬೀದಿಯವರು ನನ್ನ ಮುಖ ನೋಡಿಯೇ ನಕ್ಕರು:
ಕಡಿವಾಣದವನ ಮಗಳಿಗೆ ಕಡಿವಾಣವಿಲ್ಲ!

ಈಗ ಬೆಳಿಗ್ಗೆ, ಮಾಲಿಂಚೆಯ ನೆತ್ತಿಗೆ ಬಿಸಿಲು ತಾಗುವ ಮುನ್ನ
ಕತ್ತಾಳೆಯ ಸಾಲುಗಳ ನಡುವೆ ಹೋಗುತ್ತಾರೆ ಇಬ್ಬರೂ.
ಒತಿಲಿಯಾ ಎಡಕ್ಕೆ ನೋಡುತ್ತಾಳೆ, ಅಷ್ಟೆ;
ನೋಟದ ಹಿಂದೆ ಸೊಂಟ, ಸೊಂಟದ ಹಿಂದೆ ಕುದುರೆ.
ಹಗ್ಗ ಜೋತುಬಿದ್ದು ತನ್ನ ಪಾಡಿಗೆ ತೂಗುತ್ತದೆ.
ನಿಲ್ಲಿಸಬೇಕಾದರೆ ಉದ್ದಕ್ಕೆ ಉಸಿರು ಬಿಡುತ್ತಾಳೆ.
ಸೆನೀಸಾ ನಿಲ್ಲುತ್ತಾಳೆ, ಇನ್ನೂ
ಎರಡು ಹೆಜ್ಜೆ ತಡವಾಗಿ.
'ಆ ಎರಡು ಅವಳವು' ಅನ್ನುತ್ತಾಳೆ ಮಗಳು.

ನಿನ್ನೆ ಪ್ವೆಬ್ಲಾದಿಂದ ಗಿರಾಕಿ ಬಂದ.
ಗಡಸು ಬಾಯಿಯ ಕುದುರೆಯಂತೆ,
ನಾಲಿಗೆಯ ಮೇಲೆ ಎತ್ತರದ ಕಮಾನು ಬೇಕಂತೆ.
ಮುಂಗಡ ತೆಗೆದುಕೊಂಡೆ. ಮೆಕ್ಕೆಜೋಳ ಕೊಳ್ಳಬೇಕು.
ಕಮಾನನ್ನು ಒಂದು ಬೆರಳು ತಗ್ಗಿಸಿದೆ,
ಅಂಚನ್ನು ಉರುಟು ಮಾಡಿದೆ, ಅವನಿಗೆ ಹೇಳುವುದಿಲ್ಲ.
ಮುದ್ರೆ ಒತ್ತಲು ಸುತ್ತಿಗೆ ಎತ್ತಿದೆ.
ಬಾಗಿಲ ಹೊರಗೆ ಸೆನೀಸಾ ಆಕಳಿಸಿದಳು,
ಗುಲಾಬಿ ಒಳಬಾಯಿ ಗಂಟಲತನಕ ತೆರೆದು,
ಒಂದು ಹುಲ್ಲಿನ ಎಸಳೂ ಇಲ್ಲ.
ನನಗೂ ಆಕಳಿಕೆ ಬಂತು.